ಪಾಲಿಲ್ಲದವನೂ ಮನಸ್ಸಿಲ್ಲದವನೂ

(ಇಂಗ್ಲಿಷ್ ಬೋಧಕರೂ ಅನುವಾದಕರೂ ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಕೆಲವು ವರ್ಷಗಳ ಹಿಂದೆ, ನ್ಯಾಯಾಂಗವನ್ನು ಕುರಿತ ಇಂಗ್ಲಿಷ್ ಪ್ರಬಂಧವೊಂದರ ಕನ್ನಡ ಅನುವಾದವನ್ನು ತಿದ್ದಿಕೊಡುವ ಕೆಲಸ ನನಗೆ ಬಂದಿತ್ತು. ಮೊದಲ ಕೆಲವು ಪುಟಗಳಲ್ಲೇ ‘ಒಳ್ಳೆಯ ನ್ಯಾಯಾಧೀಶನು ತನ್ನ ಮುಂದಿರುವ ವ್ಯಾಜ್ಯದಲ್ಲಿ ನಿರಾಸಕ್ತನಾಗಿರಬೇಕು’ ಎಂಬ ವಾಕ್ಯ ಎದುರಾಯಿತು. ವಕೀಲರು ವಾದಿಸುತ್ತಿರುವಾಗ ಆಕಳಿಸುತ್ತ, ಗಡಿಯಾರ ನೋಡುತ್ತ, ಊಟದ ಬಿಡುವು ಯಾವಾಗ ಬಂದೀತೆಂದು ಕಾಯುತ್ತ ಕುಳಿತ ನ್ಯಾಯಾಧೀಶರೊಬ್ಬರು ನನ್ನ ಕಣ್ಣಮುಂದೆ ಬಂದರು. ಮೂಲವನ್ನು ತೆರೆದು ನೋಡಿದರೆ ಅಲ್ಲಿದ್ದ ಪದ ‘ಡಿಸ್‌ಇಂಟರೆಸ್ಟೆಡ್’. ಅನುವಾದಕರು ಅದನ್ನು ‘ಅನ್‌ಇಂಟರೆಸ್ಟೆಡ್’ ಎಂದೇ ತಿಳಿದು ಕನ್ನಡಕ್ಕೆ ತಂದಿದ್ದರು. ಅವರನ್ನು ದೂರಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ಇಂಗ್ಲಿಷನ್ನು ತೊಟ್ಟಿಲಲ್ಲಿ ಕಲಿತವರೂ ಈ ಎರಡು ಪದಗಳ ನಡುವೆ ಎಡವುತ್ತಲೇ ಬಂದಿದ್ದಾರೆ. ಆದರೆ ಈ ಒಂದು ಪದದಿಂದ ಆ ಪ್ರಬಂಧದ ಅರ್ಥವೇ ತಲೆಕೆಳಗಾಗಿತ್ತು. ಇಂದಿನ ಮಾತಿಗೆ ಈ ಜೋಡಿಯನ್ನು ಆರಿಸಿಕೊಂಡದ್ದು ಅದಕ್ಕಾಗಿ.

ಗೊಂದಲದ ಬೇರು ಇರುವುದು ‘ಇಂಟರೆಸ್ಟೆಡ್’ ಎಂಬ ಪದದಲ್ಲೇ. ಅದಕ್ಕೆ ಎರಡು ಅರ್ಥ: ಒಂದು, ಒಂದು ವಿಷಯದಲ್ಲಿ ಪಾಲು ಉಳ್ಳವನು, ಅಂದರೆ ಅದರ ಫಲಿತಾಂಶದಿಂದ ಲಾಭವೋ ನಷ್ಟವೋ ಆಗುವವನು. ಇನ್ನೊಂದು, ಆ ವಿಷಯದಲ್ಲಿ ಮನಸ್ಸಿಟ್ಟವನು, ಕುತೂಹಲ ಉಳ್ಳವನು. ಅರ್ಥ ಎರಡಾದ ಮೇಲೆ ವಿರುದ್ಧಾರ್ಥವೂ ಎರಡಾಗಲೇಬೇಕು. ಪಾಲಿಲ್ಲದವನು ಡಿಸ್‌ಇಂಟರೆಸ್ಟೆಡ್, ಮನಸ್ಸಿಲ್ಲದವನು ಅನ್‌ಇಂಟರೆಸ್ಟೆಡ್. ಪಾಲು ಎಂಬುದು ವ್ಯಕ್ತಿಯ ಸ್ಥಾನಕ್ಕೆ ಸಂಬಂಧಿಸಿದ ಸಂಗತಿ; ಕಾಗದಪತ್ರ ತೆಗೆದು ನೋಡಿದರೆ ಸಾಮಾನ್ಯವಾಗಿ ತಿಳಿಯುತ್ತದೆ. ಮನಸ್ಸು ಒಳಗಿನದು, ಮುಖ ನೋಡಿ ಊಹಿಸಬೇಕು.

ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾದ ಒಂದು ಸಂದರ್ಭವನ್ನು ನೋಡೋಣ. ಅಣ್ಣತಮ್ಮಂದಿರಿಬ್ಬರ ನಡುವೆ ಹೊಲದ ಬದುವಿನ ಜಗಳ. ಅಳತೆಗೆ ಸರ್ವೆಯವರು ಬಂದಿದ್ದಾರೆ. ಆ ಹೊಲದಲ್ಲಿ ಅವರಿಗೆ ಒಂದು ಗುಂಟೆಯ ಹಕ್ಕೂ ಇಲ್ಲ, ಇಬ್ಬರಲ್ಲಿ ಯಾರ ನೆಂಟರೂ ಅವರಲ್ಲ. ಹಾಗಿದ್ದೂ ನಕ್ಷೆ ಬಿಡಿಸಿಕೊಂಡು, ಮುಳ್ಳಿನ ಪೊದೆಯೊಳಗೆ ಹೂತುಹೋದ ಬಾಂದುಕಲ್ಲನ್ನು ಹುಡುಕಿ, ನಾಲ್ಕು ಮೂಲೆಗೂ ನಡೆದು ಅಳೆಯುತ್ತಾರೆ. ಅವರು ಡಿಸ್‌ಇಂಟರೆಸ್ಟೆಡ್; ಆದರೆ ಅನ್‌ಇಂಟರೆಸ್ಟೆಡ್ ಎಂದು ಅವರನ್ನು ಕರೆದರೆ ಅನ್ಯಾಯ. ಅದೇ ಸರ್ವೆಯವರು ಬೇವಿನ ಮರದ ನೆರಳಲ್ಲಿ ಕುಳಿತು, ಚಹಾ ಕುಡಿದು, ಹಳೆಯ ದಾಖಲೆಯನ್ನೇ ನಕಲು ಮಾಡಿ ಎದ್ದುಹೋದರೆ, ಪಾಲೂ ಇಲ್ಲ ಮನಸ್ಸೂ ಇಲ್ಲ ಎನ್ನಬೇಕು. ಜಗಳಕ್ಕೆ ನಿಂತ ಅಣ್ಣತಮ್ಮಂದಿರಿಗೆ ಪಾಲೂ ಇದೆ, ಮನಸ್ಸೂ ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಇದೆ. ಇನ್ನು ಅಮೆರಿಕದಲ್ಲಿ ನೆಲೆಸಿ, ‘ನೀವಿಬ್ಬರು ಏನು ಬೇಕಾದರೂ ಮಾಡಿಕೊಳ್ಳಿ, ಸಹಿ ಬೇಕಾದರೆ ಕಾಗದ ಕಳಿಸಿ’ ಎನ್ನುವ ಮೂರನೆಯ ತಮ್ಮನೊಬ್ಬನಿದ್ದಾನೆ ಎನ್ನಿ. ಅವನಿಗೆ ಪಾಲು ಇದೆ, ಮನಸ್ಸಿಲ್ಲ. ಅವನು ಅನ್‌ಇಂಟರೆಸ್ಟೆಡ್, ಆದರೆ ಎಂದೆಂದಿಗೂ ಡಿಸ್‌ಇಂಟರೆಸ್ಟೆಡ್ ಅಲ್ಲ. ನಾಳೆ ಆ ಹೊಲದ ಪಕ್ಕದಲ್ಲಿ ಹೆದ್ದಾರಿ ಹಾದುಹೋದರೆ ಮುಂದಿನ ವಿಮಾನದಲ್ಲೇ ಅವನಿಗೆ ಮನಸ್ಸೂ ಬಂದೀತು.

ಈ ಎರಡು ಅರ್ಥಗಳಲ್ಲಿ ಹಿರಿಯದು ಪಾಲಿನ ಅರ್ಥವೇ. ಲ್ಯಾಟಿನ್ನಿನಲ್ಲಿ ‘ಇಂಟರ್’ ಎಂದರೆ ನಡುವೆ, ‘ಎಸ್ಸೆ’ ಎಂದರೆ ಇರು. ಎರಡೂ ಸೇರಿ ‘ಇಂಟರೆಸ್ಸೆ’, ನಡುವೆ ಇರುವುದು, ಅದರಿಂದ ಮುಂದೆ ವ್ಯತ್ಯಾಸವಾಗುವುದು, ಮುಖ್ಯವಾಗುವುದು ಎಂಬ ಅರ್ಥಗಳು ಬಂದವು. ಮಧ್ಯಯುಗದ ಯುರೋಪಿನಲ್ಲಿ ಕ್ರೈಸ್ತ ಧರ್ಮಶಾಸ್ತ್ರ ಬಡ್ಡಿಯನ್ನು ಪಾಪವೆಂದು ನಿಷೇಧಿಸಿತ್ತು. ಆದರೆ ಸಾಲಗಾರ ಹೊತ್ತಿಗೆ ಹಿಂದಿರುಗಿಸದೆ ಹೋದದ್ದರಿಂದ ಕೊಟ್ಟವನಿಗೆ ಆದ ನಷ್ಟವನ್ನು, ಅಂದರೆ ಅವನು ಇರಬೇಕಾಗಿದ್ದ ಸ್ಥಿತಿಗೂ ಈಗ ಇರುವ ಸ್ಥಿತಿಗೂ ನಡುವಿನ ಅಂತರವನ್ನು, ತುಂಬಿಸಿಕೊಳ್ಳಲು ಅವಕಾಶವಿತ್ತು. ಆ ಅಂತರಕ್ಕೆ ಇಟ್ಟ ಹೆಸರೇ ‘ಇಂಟರೆಸ್ಸೆ’. ಬ್ಯಾಂಕಿನವರು ಇಂದು ಇಂಟರೆಸ್ಟ್ ಎನ್ನುವುದು ಆ ದಾರಿಯಿಂದ ಬಂದದ್ದು. ನಮ್ಮ ‘ಬಡ್ಡಿ’ ಸಂಸ್ಕೃತದ ‘ವೃದ್ಧಿ’ಯ ತದ್ಭವ, ಇಲ್ಲಿ ಹಣ ಬೆಳೆಯುವುದು ಕಣ್ಣಿಗೆ ಬಿದ್ದಿದೆ, ಅಲ್ಲಿ ಆದ ಅಂತರ ಕಣ್ಣಿಗೆ ಬಿದ್ದಿದೆ. ಇಂಗ್ಲಿಷ್ ಕಾನೂನಿನಲ್ಲಿ ಆಸ್ತಿಯ ಮೇಲಿನ ಹಕ್ಕನ್ನೂ ‘ಇಂಟರೆಸ್ಟ್’ ಎಂದೇ ಕರೆಯುತ್ತ ಬಂದರು. ‘ನನಗೆ ಸಂಗೀತದಲ್ಲಿ ಇಂಟರೆಸ್ಟ್ ಇದೆ’ ಎನ್ನುವಾಗ ನಾವು ಬಳಸುವ ಕುತೂಹಲದ ಅರ್ಥ ಬಲಗೊಂಡದ್ದು ಬಹಳ ಈಚೆಗೆ, 18ನೇ ಶತಮಾನದಲ್ಲಿ.

ಈ ಹಿನ್ನೆಲೆ ತಿಳಿದಿದ್ದರೆ ಮುಂದಿನ ವಿಚಿತ್ರ ಅರ್ಥವಾಗುತ್ತದೆ. 17ನೇ ಶತಮಾನದಲ್ಲಿ ಈ ಎರಡು ಪದಗಳು ಒಂದರ ಜಾಗದಲ್ಲಿ ಇನ್ನೊಂದು ಕುಳಿತಿದ್ದವು. ಕವಿಯೂ ಪಾದ್ರಿಯೂ ಆಗಿದ್ದ ಜಾನ್ ಡನ್ ಅವರ ಬರಹದಲ್ಲಿ ‘ಡಿಸ್‌ಇಂಟರೆಸ್ಟೆಡ್’ ಎಂಬುದು ಮನಸ್ಸಿಲ್ಲದ ಎಂಬ ಅರ್ಥದಲ್ಲಿ ಬಂದಿದೆ. ಅದೇ ಶತಮಾನದಲ್ಲಿ ‘ಅನ್‌ಇಂಟರೆಸ್ಟೆಡ್’ ಎಂಬುದನ್ನು ನಿಷ್ಪಕ್ಷಪಾತಿ ಎಂಬ ಅರ್ಥದಲ್ಲಿ ಬರೆದವರಿದ್ದರು. 18ನೇ ಶತಮಾನದಲ್ಲಿ ಎರಡೂ ತಮ್ಮ ಹಳೆಯ ಮನೆ ಬಿಟ್ಟು ಪರಸ್ಪರರ ಮನೆ ಹೊಕ್ಕವು, ಬಹುಕಾಲ ಅಲ್ಲೇ ನೆಮ್ಮದಿಯಾಗಿ ಬಾಳಿದವು. 20ನೇ ಶತಮಾನದ ಆರಂಭದಿಂದ ‘ಡಿಸ್‌ಇಂಟರೆಸ್ಟೆಡ್’ ಮತ್ತೆ ತನ್ನ ಹಳೆಯ ಮನೆಯ ಬಾಗಿಲು ತಟ್ಟುತ್ತಿದೆ. ‘ಇದು ಈ ತಲೆಮಾರಿನವರು ಮಾಡಿದ ಕೇಡು’ ಎಂದು ಗೊಣಗುವ ಇಂಗ್ಲಿಷ್ ಪಂಡಿತರು ಈ ಚರಿತ್ರೆಯನ್ನು ಮರೆತಿರುತ್ತಾರೆ. ಹಾಗೆಂದ ಮಾತ್ರಕ್ಕೆ ಇಂದಿನ ವ್ಯತ್ಯಾಸ ನಿರರ್ಥಕವೆಂದು ನಾನು ಒಪ್ಪಲಾರೆ. ಪದ ಎಲ್ಲಿಂದ ಬಂತೆಂಬುದು ಒಂದು ಪ್ರಶ್ನೆ; ಅದು ಈಗ ಮಾಡುತ್ತಿರುವ ಕೆಲಸವನ್ನು ಬೇರೊಂದು ಪದ ಮಾಡಬಲ್ಲುದೇ ಎಂಬುದು ಮತ್ತೊಂದು.

ಆ ಕೆಲಸ ಎಂಥದೆಂಬುದು ನ್ಯಾಯಾಲಯದಲ್ಲಿ ಕಂಡಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣುವುದಿಲ್ಲವಾದ್ದರಿಂದ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. 1852ರಲ್ಲಿ, ಆಗ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಂದೆ ಡೈಮ್ಸ್ ಎಂಬುವರಿಗೂ ಗ್ರ್ಯಾಂಡ್ ಜಂಕ್ಷನ್ ಕಾಲುವೆ ಕಂಪನಿಗೂ ನಡುವಿನ ವ್ಯಾಜ್ಯವೊಂದು ಬಂತು. ಕೆಳಗಿನ ಹಂತದಲ್ಲಿ ಕಂಪನಿಯ ಪರವಾಗಿ ಆದೇಶ ಕೊಟ್ಟಿದ್ದವರು ಲಾರ್ಡ್ ಚಾನ್ಸೆಲರ್, ಅಂದರೆ ಅಲ್ಲಿನ ಅತಿ ಹಿರಿಯ ನ್ಯಾಯಾಧಿಕಾರಿ, ಆಗಿದ್ದ ಕಾಟನ್‌ಹ್ಯಾಮ್. ಅವರು ಅದೇ ಕಾಲುವೆ ಕಂಪನಿಯ ಷೇರುದಾರರು ಎಂಬುದು ಬೆಳಕಿಗೆ ಬಂದಿತ್ತು. ಈ ಹಿತಸಂಬಂಧದಿಂದ ಕಾಟನ್‌ಹ್ಯಾಮ್ ಅವರ ತೀರ್ಮಾನ ಎಳ್ಳಷ್ಟಾದರೂ ಬಾಗಿತೆಂದು ಯಾರೂ ಭಾವಿಸಲಾರರು ಎಂದು, ವ್ಯಾಜ್ಯವನ್ನು ಆಲಿಸಿದವರಲ್ಲೊಬ್ಬರಾದ ಲಾರ್ಡ್ ಕ್ಯಾಂಬೆಲ್ ಸ್ಪಷ್ಟವಾಗಿ ಹೇಳಿದರು. ಹೇಳಿ, ಆದರೂ ಆ ಆದೇಶ ನಿಲ್ಲಕೂಡದೆಂದರು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದೆಂಬ ನಿಯಮ ಅಷ್ಟು ಪವಿತ್ರವೆಂಬುದು ಅವರ ನಿಲುವು. ಇಲ್ಲಿ ಇಂಗ್ಲಿಷಿನ ಇನ್ನೊಂದು ಪದ ‘ಇಂಪಾರ್ಷಿಯಲ್’, ಅಂದರೆ ನಿಷ್ಪಕ್ಷಪಾತಿ ಎಂಬುದೂ, ‘ಡಿಸ್‌ಇಂಟರೆಸ್ಟೆಡ್’ ಎಂಬುದೂ ಬೇರೆ ಬೇರೆಯಾಗುವುದನ್ನು ಗಮನಿಸಬೇಕು. ಕಾಟನ್‌ಹ್ಯಾಮ್ ನಿಷ್ಪಕ್ಷಪಾತಿಯಾಗಿದ್ದರೆಂದು ಎಲ್ಲರೂ ಒಪ್ಪಿದರು. ನಡತೆ ನೆಟ್ಟಗಿತ್ತು, ಆದರೆ ನಿಂತ ಜಾಗ ಸರಿಯಿರಲಿಲ್ಲ.

ಇದೇ ಪ್ರಶ್ನೆ ಭಾರತದ ಸುಪ್ರೀಂ ಕೋರ್ಟಿನ ಮುಂದೆ 1969ರಲ್ಲಿ ಕ್ರೈಪಾಕ್ ಪ್ರಕರಣವೆಂದು ಹೆಸರಾದ ಮೊಕದ್ದಮೆಯಲ್ಲಿ ಬಂತು. ಜಮ್ಮು ಕಾಶ್ಮೀರದ ಅರಣ್ಯಾಧಿಕಾರಿಗಳಲ್ಲಿ ಕೆಲವರನ್ನು ಭಾರತೀಯ ಅರಣ್ಯ ಸೇವೆಗೆ ಆರಿಸಬೇಕಾಗಿತ್ತು. ಆಯ್ಕೆ ಮಂಡಳಿಯಲ್ಲಿ ಹುದ್ದೆಯ ಬಲದಿಂದ ಕುಳಿತಿದ್ದ ಹಿರಿಯ ಅರಣ್ಯಾಧಿಕಾರಿಯೊಬ್ಬರು ತಾವೇ ಆ ಆಯ್ಕೆಯ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಹೊರಗುಳಿದರೆಂಬುದೇನೋ ನಿಜ. ಆದರೆ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಮಂಡಳಿಯಲ್ಲಿದ್ದರು, ಯಾರು ಮೊದಲು ಯಾರು ನಂತರ ಎಂಬ ಪಟ್ಟಿ ಮಾಡುವಾಗಲೂ ಇದ್ದರು. ಆ ತೀರ್ಪನ್ನು ಬರೆದವರು ನಮ್ಮ ಕಾರ್ಕಳ ಸೀಮೆಯ ಕೌಡೂರಿನವರಾದ, ಮುಂದೆ ಲೋಕಸಭೆಯ ಅಧ್ಯಕ್ಷರೂ ಆದ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆ. ಒಬ್ಬನ ಮನಸ್ಸಿನೊಳಗೆ ಪಕ್ಷಪಾತವಿತ್ತೇ ಎಂದು ಸಾಬೀತುಪಡಿಸುವುದು ಕಷ್ಟ, ಪಕ್ಷಪಾತದ ಸಂಭವವಿತ್ತೆಂದು ನಂಬಲು ಸಕಾರಣವಿದೆಯೇ ಎಂಬುದನ್ನು ನೋಡಬೇಕು ಎಂಬ ತರ್ಕದ ಮೇಲೆ ಆ ಆಯ್ಕೆ ರದ್ದಾಯಿತು. ಬೆಣ್ಣೆ ಹಂಚಲು ಬಂದ ಕೋತಿಯ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಎರಡು ಬೆಕ್ಕುಗಳ ಜಗಳದಲ್ಲಿ ಅದು ಮೂರನೆಯದೇ ಆಗಿತ್ತು, ತಕ್ಕಡಿಯನ್ನೂ ಬಹಳ ಮನಸ್ಸಿಟ್ಟು ಹಿಡಿದಿತ್ತು. ಬೆಣ್ಣೆಯ ಮೇಲೆ ಅದಕ್ಕೂ ಕಣ್ಣಿದೆ ಎಂಬುದೊಂದನ್ನು ಬೆಕ್ಕುಗಳು ವಿಚಾರಿಸಲಿಲ್ಲ.

ಪಾಲು ಎಂದರೆ ಹಣವೇ ಆಗಬೇಕಿಲ್ಲ. ಚಿಲಿಯ ಹಿಂದಿನ ಸರ್ವಾಧಿಕಾರಿ ಪಿನೊಚೆ ಅವರ ಹಸ್ತಾಂತರದ, ಅಂದರೆ ವಿಚಾರಣೆಗಾಗಿ ಬೇರೆ ದೇಶಕ್ಕೆ ಒಪ್ಪಿಸುವ, ಪ್ರಶ್ನೆಯಲ್ಲಿ ಹೌಸ್ ಆಫ್ ಲಾರ್ಡ್ಸ್ 1998ರ ನವೆಂಬರಿನಲ್ಲಿ ಕೊಟ್ಟ ತೀರ್ಪನ್ನು ಮರುತಿಂಗಳು ತಾನೇ ಬದಿಗಿರಿಸಿತು. ಪೀಠದಲ್ಲಿದ್ದ ಲಾರ್ಡ್ ಹಾಫ್‌ಮನ್ ಅವರು, ಆ ಪ್ರಕರಣದಲ್ಲಿ ವಾದ ಮಂಡಿಸಿದ್ದ ಆಮ್ನೆಸ್ಟಿ ಎಂಬ ಮಾನವ ಹಕ್ಕುಗಳ ಸಂಸ್ಥೆಯ ಧರ್ಮಾರ್ಥ ಅಂಗವೊಂದರ ನಿರ್ದೇಶಕರಾಗಿದ್ದರು ಎಂಬುದು ಅದಕ್ಕೆ ಕಾರಣ. ಅವರಿಗೆ ಅದರಿಂದ ಒಂದು ಕಾಸಿನ ಲಾಭವೂ ಇರಲಿಲ್ಲ.

ಸಾಕ್ಷಿಗಳ ವಿಷಯ ಇದಕ್ಕಿಂತ ಸೂಕ್ಷ್ಮ. ಕೊಲೆ ಮೊಕದ್ದಮೆಗಳಲ್ಲಿ ಆರೋಪಿಯ ಪರ ವಕೀಲರು ಸಾಮಾನ್ಯವಾಗಿ ಎತ್ತುವ ಆಕ್ಷೇಪ, ‘ಇವರು ಸತ್ತವರ ಮನೆಯವರು, ಹಿತಾಸಕ್ತ ಸಾಕ್ಷಿಗಳು, ಇವರ ಮಾತು ನಂಬಬೇಡಿ’ ಎಂಬುದು. 1981ರಲ್ಲಿ ರಾಜಸ್ಥಾನದ ಕಲ್ಕಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಂಬಂಧಿಯೆಂಬುದೂ ಹಿತಾಸಕ್ತನೆಂಬುದೂ ಒಂದೇ ಅಲ್ಲವೆಂದು ವಿವರಿಸಿತು. ಆ ಪ್ರಕರಣದಲ್ಲಿ ಸಾಕ್ಷಿ ನುಡಿದವರು ಕೊಲೆಯಾದವರ ಹೆಂಡತಿ. ಮೊಕದ್ದಮೆಯ ಫಲಿತಾಂಶದಿಂದ ಏನನ್ನಾದರೂ ದಕ್ಕಿಸಿಕೊಳ್ಳುವವನು ಮಾತ್ರ ಹಿತಾಸಕ್ತ. ಕಣ್ಣೆದುರೇ ಗಂಡನ ಕೊಲೆಯನ್ನು ಕಂಡ ಹೆಂಡತಿ ಸಹಜ ಸಾಕ್ಷಿ, ನಿಜವಾದ ಅಪರಾಧಿಗೆ ಶಿಕ್ಷೆಯಾಗಲಿ ಎಂಬ ಅವಳ ಬಯಕೆಯನ್ನು ಹಿತಾಸಕ್ತಿಯೆನ್ನಲಾಗದು. ನಮ್ಮ ಎರಡು ಪದಗಳ ಮಾಪನದಲ್ಲಿ ಇಟ್ಟು ನೋಡಿ: ಆ ಹೆಂಗಸಿನಷ್ಟು ಮನಸ್ಸನ್ನು ಆ ಮೊಕದ್ದಮೆಯಲ್ಲಿ ಇಟ್ಟವರು ಇನ್ನೊಬ್ಬರಿರಲಾರರು. ಆದರೂ ಕಾನೂನಿನ ಲೆಕ್ಕದಲ್ಲಿ ಅವಳು ಪಾಲಿಲ್ಲದವಳು.

ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಕಥೆಯೂ ಹೀಗೆಯೇ. ಎಸ್. ಪಿ. ಗುಪ್ತಾ ಪ್ರಕರಣದಲ್ಲಿ, ಅದೂ 1981ರದೇ, ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಬಡವರ ಪರವಾಗಿ ಬೇರೊಬ್ಬರು ನ್ಯಾಯಾಲಯದ ಬಾಗಿಲು ತಟ್ಟಬಹುದೆಂದು ಹೇಳುವಾಗಲೇ, ಅಂಥವರು ಸ್ವಂತ ಲಾಭಕ್ಕಾಗಿ ಬಂದವರಾಗಿರಬಾರದೆಂಬ ಗೆರೆಯನ್ನೂ ಎಳೆದರು. ಅರ್ಜಿದಾರನಿಗೆ ಪಾಲಿರಕೂಡದು, ಮನಸ್ಸಂತೂ ಎಲ್ಲರಿಗಿಂತ ಹೆಚ್ಚಿರಬೇಕು. ನಾವು ಇಂಗ್ಲಿಷಿನ ‘ಇಂಟರೆಸ್ಟ್’ ಎಂಬುದಕ್ಕೆ ಸಿಕ್ಕಸಿಕ್ಕಲ್ಲಿ ‘ಹಿತಾಸಕ್ತಿ’ ಎಂದು ಬರೆಯುತ್ತ ಬಂದುದರಿಂದ, ‘ಪಟ್ಟಭದ್ರ ಹಿತಾಸಕ್ತಿ’ ಎಂಬ ಬೈಗುಳವೂ ‘ಸಾರ್ವಜನಿಕ ಹಿತಾಸಕ್ತಿ’ ಎಂಬ ಹೊಗಳಿಕೆಯೂ ಒಂದೇ ಪದದ ಹೆಗಲ ಮೇಲೆ ಕುಳಿತಿವೆ.

ಕೋರ್ಟಿನ ಮೆಟ್ಟಿಲು ಹತ್ತದವರಿಗೆ ಕ್ರಿಕೆಟ್ ಮೈದಾನವಿದೆ. ಬಹುಕಾಲ ಟೆಸ್ಟ್ ಪಂದ್ಯಗಳಿಗೆ ಆತಿಥೇಯ ದೇಶದವರೇ ಅಂಪೈರುಗಳಾಗಿರುತ್ತಿದ್ದರು, ಸೋತ ತಂಡ ಅವರನ್ನು ಶಪಿಸುತ್ತ ವಿಮಾನ ಹತ್ತುತ್ತಿತ್ತು. 1986ರ ನವೆಂಬರಿನಲ್ಲಿ ಲಾಹೋರಿನಲ್ಲಿ ಪಾಕಿಸ್ತಾನಕ್ಕೂ ವೆಸ್ಟ್ ಇಂಡೀಸಿಗೂ ನಡೆದ ಟೆಸ್ಟಿಗೆ ಭಾರತದ ವಿ. ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್ ಅವರನ್ನು ಕರೆಸಿದರು. ಪಾಕಿಸ್ತಾನದ ಪಂದ್ಯಕ್ಕೆ ಭಾರತದವರು ಎಂಬುದು ಇಂದು ಕನಸಿನಂತೆ ಕೇಳಿಸುತ್ತದೆ. 1994ರಿಂದ ಟೆಸ್ಟಿನಲ್ಲಿ ಒಬ್ಬ ಅಂಪೈರ್, 2002ರಿಂದ ಇಬ್ಬರೂ ಮೂರನೆಯ ದೇಶದವರಾಗಿರಬೇಕೆಂಬ ನಿಯಮ ಬಂತು. 2020ರಲ್ಲಿ ಕೊರೊನಾದಿಂದ ಪ್ರಯಾಣ ನಿಂತಾಗ, ನಮ್ಮ ಅನಿಲ್ ಕುಂಬ್ಳೆ ಅಧ್ಯಕ್ಷರಾಗಿದ್ದ ಐಸಿಸಿ ಸಮಿತಿ ಸ್ಥಳೀಯ ಅಂಪೈರುಗಳನ್ನೇ ಬಳಸಿಕೊಳ್ಳಲು ಶಿಫಾರಸು ಮಾಡಿತು. ಜೊತೆಗೆ ಪ್ರತಿ ಇನ್ನಿಂಗ್ಸಿಗೆ ತಂಡವೊಂದಕ್ಕೆ ಇನ್ನೊಂದು ಮರುಪರಿಶೀಲನೆಯ ಅವಕಾಶವೂ ಸೇರಿತು. ‘ಅಂಪೈರ್’ ಎಂಬ ಪದವೇ ಹಳೆಯ ಫ್ರೆಂಚಿನ, ಜೋಡಿಗೆ ಸೇರದವನು, ಬೆಸವಾಗಿ ಉಳಿದವನು ಎಂಬರ್ಥದ ಪದದಿಂದ ಬಂದದ್ದು. ಎರಡು ತಂಡಗಳ ಲೆಕ್ಕಕ್ಕೆ ಸಿಗದವನು ಅವನು. ಆದರೆ ಚೆಂಡು ಬ್ಯಾಟಿನ ಅಂಚನ್ನು ಸವರಿತೇ ಎಂಬುದರಲ್ಲಿ ಅವನಿಗೆ ಮನಸ್ಸಿಲ್ಲದೆ ಹೋದರೆ ಆ ದಿನವೇ ಅವನನ್ನು ಮನೆಗೆ ಕಳಿಸಬೇಕಾಗುತ್ತದೆ.

ಇನ್ನು ನಮ್ಮ ನುಡಿಯ ಕಡೆ ಬರೋಣ. ಅನುವಾದಕ್ಕೆ ಕುಳಿತಾಗ ನಮಗೆ ಪದಗಳ ಬಡತನವಿದೆಯೆಂದು ನಾವು ಅಂದುಕೊಳ್ಳುತ್ತೇವೆ. ಈ ವಿಷಯದಲ್ಲಿ ಆಗಿರುವುದು ತಿರುಗುಮುರುಗು: ಇರುವ ಪದಗಳ ನಡುವಿನ ಗೆರೆಯನ್ನು ನಾವೇ ಅಳಿಸಿಕೊಂಡಿದ್ದೇವೆ. ‘ತಟಸ್ಥ’ ಎಂದರೆ ದಡದ ಮೇಲೆ ನಿಂತವನು. ನೀರಿಗಿಳಿಯದವನು, ಅವನಿಗೆ ಹೊಳೆಯಲ್ಲಿ ಏನಾಗುತ್ತಿದೆ ಎಂಬ ಚಿಂತೆಯಿರಬಹುದು, ಇಲ್ಲದಿರಬಹುದು. ‘ಮಧ್ಯಸ್ಥ’ ಎಂದರೆ ನಡುವೆ ನಿಂತವನು. ಲ್ಯಾಟಿನ್ನಿನಲ್ಲಿ ನಡುವೆ ಇರುವುದರಿಂದ ಪಾಲು ಹುಟ್ಟಿದರೆ, ನಮ್ಮಲ್ಲಿ ನಡುವೆ ನಿಂತವನು ಇಬ್ಬರಿಗೂ ಸೇರದೆ ನ್ಯಾಯ ಹೇಳುವವನಾದ. ‘ಉದಾಸೀನ’ ಎಂದರೆ ಮೂಲದಲ್ಲಿ ಮೇಲೆ ಅಥವಾ ದೂರ ಕುಳಿತವನು. ಭಗವದ್ಗೀತೆಯ ಆರನೆಯ ಅಧ್ಯಾಯದ ಒಂಬತ್ತನೆಯ ಶ್ಲೋಕ ಗೆಳೆಯ, ವೈರಿ, ಬಂಧು ಮುಂತಾದವರ ಸಾಲಿನಲ್ಲಿ ಉದಾಸೀನನನ್ನೂ ಮಧ್ಯಸ್ಥನನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಇಬ್ಬರೂ ಒಂದೇ ಆಗಿದ್ದರೆ ಎರಡು ಪದವೇಕೆ? ಶಂಕರಾಚಾರ್ಯರ ಭಾಷ್ಯ ಇಲ್ಲಿ ಬಹಳ ಚೊಕ್ಕವಾದ ಉತ್ತರ ಕೊಡುತ್ತದೆ: ಯಾರ ಪಕ್ಷವನ್ನೂ ಹಿಡಿಯದವನು ಉದಾಸೀನ, ಪರಸ್ಪರ ವಿರೋಧಿಗಳಾದ ಇಬ್ಬರಿಗೂ ಹಿತವನ್ನು ಬಯಸುವವನು ಮಧ್ಯಸ್ಥ. ಮೊದಲನೆಯವನು ದೂರ ಸರಿದಿದ್ದಾನೆ. ಎರಡನೆಯವನು ಪಕ್ಷ ಹಿಡಿಯದೆಯೇ ಮನಸ್ಸು ಕೊಟ್ಟಿದ್ದಾನೆ. ನಮ್ಮ ಎರಡು ಇಂಗ್ಲಿಷ್ ಪದಗಳಿಗೆ ಇದು ತಾಳೆಯಾಗುವ ಭಾಷಾಂತರವಲ್ಲ, ಆದರೆ ಅವುಗಳ ನಡುವಿನ ಅಂತರವನ್ನು ಇಷ್ಟು ಕಡಿಮೆ ಮಾತಿನಲ್ಲಿ ತೋರಿಸಿದ ಇನ್ನೊಂದು ವಾಕ್ಯವನ್ನು ನಾನು ಓದಿಲ್ಲ.

‘ಆಸಕ್ತಿ’ಯ ಕಥೆಯೂ ಹೀಗೆಯೇ. ಅದರ ಮೂಲದಲ್ಲಿರುವುದು ಅಂಟಿಕೊಳ್ಳುವ ಅರ್ಥದ ಧಾತು. ‘ಸಂಗ’ ಎಂಬುದೂ ಅದರದೇ ಕೂಸು. ಅಂಟಿಕೊಂಡವನು ಆಸಕ್ತ, ಅಂಟಿಕೊಳ್ಳದವನು ಅಸಕ್ತ ಅಥವಾ ಅನಾಸಕ್ತ. ಅಂಟು ಬೇಡವೆಂದ ಗೀತೆ ಶ್ರದ್ಧೆ ಬೇಡವೆನ್ನಲಿಲ್ಲ. ಮೂರನೆಯ ಅಧ್ಯಾಯದ ಇಪ್ಪತ್ತೈದನೆಯ ಶ್ಲೋಕದ ತಾತ್ಪರ್ಯ ಇಷ್ಟು: ತಿಳಿಯದವರು ಫಲಕ್ಕೆ ಅಂಟಿಕೊಂಡು ಎಷ್ಟು ಹುರುಪಿನಿಂದ ದುಡಿಯುತ್ತಾರೋ, ತಿಳಿದವನು ಅಂಟಿಕೊಳ್ಳದೆ ಹಾಗೆಯೇ ದುಡಿಯಬೇಕು. ಗಾಂಧೀಜಿ ತಮ್ಮ ಗುಜರಾತಿ ಗೀತಾನುವಾದಕ್ಕೆ ‘ಅನಾಸಕ್ತಿಯೋಗ’ ಎಂದು ಹೆಸರಿಟ್ಟರು. ಅದರ ಪೀಠಿಕೆಯಲ್ಲಿ, ಫಲತ್ಯಾಗವೆಂದರೆ ಫಲಿತಾಂಶದ ಬಗ್ಗೆ ಅಲಕ್ಷ್ಯವಲ್ಲ, ಮಾಡುವ ಕೆಲಸದ ಪರಿಣಾಮವೇನು, ಅದಕ್ಕೆ ಬೇಕಾದ ಸಾಧನವೇನು ಎಂಬುದನ್ನು ತಿಳಿದಿರಲೇಬೇಕು ಎಂದು ಎಚ್ಚರಿಸುವ ಅಗತ್ಯ ಅವರಿಗೆ ಕಂಡಿತ್ತು. ಹಾಗೆ ಎಚ್ಚರಿಸಬೇಕಾಗಿ ಬಂದದ್ದೇ, ಜನ ಅನಾಸಕ್ತಿಯನ್ನು ನಿರಾಸಕ್ತಿಯೆಂದು ಓದಿಕೊಳ್ಳುತ್ತಿದ್ದರೆಂಬುದಕ್ಕೆ ಸಾಕ್ಷಿ. ಡಿಸ್‌ಇಂಟರೆಸ್ಟೆಡ್ ಮತ್ತು ಅನ್‌ಇಂಟರೆಸ್ಟೆಡ್ ಪದಗಳ ನಡುವೆ ಇಂಗ್ಲಿಷರು ಎಡವುವ ಕಲ್ಲಿಗೇ ನಾವೂ ಎಡವುತ್ತಿದ್ದೇವೆ.

‘ಉದಾಸೀನ’ ಎಂಬುದಂತೂ ಪೂರ್ತಿ ಜಾರಿಬಿಟ್ಟಿತು. ಗೀತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಉದಾಸೀನನಾಗಿರುವುದು ಭಕ್ತನ ಸದ್ಗುಣಗಳಲ್ಲೊಂದು. ಇಂದು ನಮ್ಮ ಮನೆಗಳಲ್ಲಿ ‘ಜ್ವರ ಬಂದರೆ ಉದಾಸೀನ ಮಾಡಬೇಡ’ ಎನ್ನುತ್ತೇವೆ. ದಕ್ಷಿಣ ಕನ್ನಡದ ಕಡೆ ‘ಇವತ್ತು ಯಾಕೋ ಉದಾಸೀನ’ ಎಂದರೆ ಸೋಮಾರಿತನವೆಂದೇ ಅರ್ಥ. ಇಂಗ್ಲಿಷಿನಲ್ಲಿ ‘ಇಂಡಿಫರೆಂಟ್’ ಎಂಬ ಪದವೂ ಇದೇ ದಾರಿಯಲ್ಲಿ ಇಳಿದುಹೋಗಿದೆ. 1662ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲಿ, ಅಧಿಕಾರದಲ್ಲಿರುವವರು ‘ಇಂಡಿಫರೆಂಟ್ಲಿ’ ನ್ಯಾಯ ನೀಡುವಂತಾಗಲಿ ಎಂದು ದೇವರನ್ನು ಬೇಡಿಕೊಳ್ಳುತ್ತಾರೆ, ಅಂದರೆ ಭೇದವೆಣಿಸದೆ. ಇಂದು ಅದೇ ಪದವನ್ನು ಕೇಳಿದ ವಿದ್ಯಾರ್ಥಿ, ಕೆಟ್ಟ ನ್ಯಾಯಕ್ಕಾಗಿ ಪ್ರಾರ್ಥಿಸುವರೇ ಎಂದು ಬೆರಗಾಗುತ್ತಾನೆ. ಭಾಷೆ ಬೇರೆ, ಕಾಲ ಬೇರೆ, ಆದರೂ ಜಾರಿದ ದಿಕ್ಕು ಒಂದೇ: ಪಾಲಿಲ್ಲದವನನ್ನು ಹೇಳುತ್ತಿದ್ದ ಪದ ಮನಸ್ಸಿಲ್ಲದವನನ್ನು ಹೇಳತೊಡಗುತ್ತದೆ. ಇದರ ಕಾರಣವನ್ನು ನಾನು ಹೀಗೆ ಊಹಿಸುತ್ತೇನೆ. ತನಗೆ ದಕ್ಕುವುದೇನೂ ಇಲ್ಲದ ಕಡೆ ಮೈಮುರಿದು ದುಡಿಯುವವರು ವಿರಳ. ‘ಊರ ಉಸಾಬರಿ ನಮಗೇಕೆ’ ಎನ್ನುವವರೇ ಹೆಚ್ಚು. ಹಾಗಾಗಿ ಪಾಲಿಲ್ಲದವನಿಗೆ ಮನಸ್ಸೂ ಇರಲಾರದೆಂದು ಕೇಳುಗ ತಾನಾಗಿ ಸೇರಿಸಿಕೊಳ್ಳುತ್ತಾನೆ, ಆ ಸೇರ್ಪಡೆ ನಿಧಾನವಾಗಿ ಪದದ ಅರ್ಥವೇ ಆಗಿಬಿಡುತ್ತದೆ.

ಮಹಾಭಾರತದ ಭೀಷ್ಮ ಈ ವಿಷಯದಲ್ಲಿ ಮುಚ್ಚುಮರೆಯಿಲ್ಲದೆ ಮಾತಾಡಿದವನು. ಯುದ್ಧಾರಂಭದಲ್ಲಿ ಆಶೀರ್ವಾದ ಬೇಡಲು ಬಂದ ಧರ್ಮರಾಯನಿಗೆ, ಮನುಷ್ಯ ಅರ್ಥದ, ಅಂದರೆ ಹಣದ, ದಾಸ, ಅರ್ಥ ಯಾರ ದಾಸನೂ ಅಲ್ಲ, ನಾನು ಕೌರವರ ಅರ್ಥಕ್ಕೆ ಕಟ್ಟುಬಿದ್ದಿದ್ದೇನೆ ಎಂದುಬಿಟ್ಟ. ತಾನು ‘ಇಂಟರೆಸ್ಟೆಡ್’ ಎಂದು ಹೀಗೆ ಬಾಯಿಬಿಟ್ಟು ಹೇಳಿಕೊಂಡವರು ಇಂದಿನ ಕಂಪನಿಗಳ ಆಡಳಿತ ಮಂಡಳಿಗಳಲ್ಲೂ ಕಡಿಮೆ. ಹೇಳಿಕೊಳ್ಳಲೇಬೇಕೆಂದು 2013ರ ಕಂಪನಿ ಕಾಯ್ದೆಯ 184ನೇ ಕಲಮು ವಿಧಿಸಬೇಕಾಯಿತು. ದ್ಯೂತಸಭೆಯಲ್ಲಿ ಎದ್ದುನಿಂತು ದ್ರೌಪದಿಯ ಪರವಾಗಿ ಮಾತಾಡಿದ ವಿಕರ್ಣನಾದರೋ ಕೌರವರಲ್ಲೇ ಒಬ್ಬ. ಪಾಲಿದ್ದೂ ಪಾಲಿಗೆ ವಿರುದ್ಧವಾಗಿ ನುಡಿದವನ ಮಾತಿಗೆ ತೂಕ ಹೆಚ್ಚು ಎಂಬುದನ್ನು ಸಾಕ್ಷ್ಯದ ಕಾನೂನೂ ಒಪ್ಪುತ್ತದೆ.

ಬಳಕೆಯ ಮಾತಿಗೆ ಬಂದರೆ ಹೇಳಬೇಕಾದದ್ದು ಹೆಚ್ಚಿಲ್ಲ. ‘ಅನ್‌ಇಂಟರೆಸ್ಟೆಡ್’ ಎಂಬುದರ ನಂತರ ಸಾಮಾನ್ಯವಾಗಿ ‘ಇನ್’ ಎಂಬ ಉಪಸರ್ಗಾವ್ಯಯ ಬಂದು, ಯಾವುದರಲ್ಲಿ ಮನಸ್ಸಿಲ್ಲವೆಂಬುದನ್ನು ಹೇಳುತ್ತದೆ. ‘ಡಿಸ್‌ಇಂಟರೆಸ್ಟೆಡ್’ ಎಂಬುದು ಹೆಚ್ಚಾಗಿ ಸಲಹೆ, ಸಾಕ್ಷಿ, ವೀಕ್ಷಕ, ಸೇವೆ ಮುಂತಾದ ನಾಮಪದಗಳಿಗಿಂತ ಮೊದಲು ನಿಲ್ಲುತ್ತದೆ. ಇದು ಸುಳಿವೇ ಹೊರತು ಕಟ್ಟಳೆಯಲ್ಲ. ‘ಡಿಸ್‌ಇಂಟರೆಸ್ಟ್’ ಎಂಬ ನಾಮಪದವನ್ನು ನಂಬಬೇಡಿ. ಅದು ಮನಸ್ಸಿಲ್ಲದಿರುವಿಕೆಯ ಕಡೆಗೆ ಬಹುಮಟ್ಟಿಗೆ ವಾಲಿಬಿಟ್ಟಿದೆ, ಪಾಲಿಲ್ಲದಿರುವಿಕೆಯನ್ನು ಹೇಳಲು ‘ಡಿಸ್‌ಇಂಟರೆಸ್ಟೆಡ್‌ನೆಸ್’ ಎಂಬ ಉದ್ದನೆಯ ರೂಪವೇ ಗತಿ. ಕನ್ನಡಕ್ಕೆ ತರುವಾಗ ಒಂದೇ ಪದವನ್ನು ಎಲ್ಲೆಡೆ ಅಂಟಿಸುವ ಹಟ ಬೇಡ. ಸಾಕ್ಷಿಯ ವಿಷಯವಾದರೆ ‘ಸ್ವತಂತ್ರ ಸಾಕ್ಷಿ’ ಎಂಬುದು ನಮ್ಮ ಕೋರ್ಟುಗಳಲ್ಲಿ ಆಗಲೇ ನೆಲೆಯೂರಿದೆ. ಸೇವೆಯಾದರೆ ‘ನಿಸ್ಸ್ವಾರ್ಥ’. ಸಲಹೆಯಾದರೆ ‘ತನಗೇನೂ ಲಾಭವಿಲ್ಲದವರು ಕೊಟ್ಟ ಸಲಹೆ’ ಎಂದು ಬಿಡಿಸಿ ಬರೆದರೆ ಯಾವ ನಷ್ಟವೂ ಇಲ್ಲ. ‘ನಿರಾಸಕ್ತ’ ಎಂಬುದನ್ನು ಅನ್‌ಇಂಟರೆಸ್ಟೆಡ್‌ಗೆ ಮೀಸಲಾಗಿಡೋಣ.

ಉಪನ್ಯಾಸ ಮುಗಿದ ಮೇಲೆ ಶಿಕ್ಷಕರೊಬ್ಬರು ಎದ್ದು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸಬೇಕು. ‘ಇಂದಿನ ನಿಘಂಟುಗಳು ಡಿಸ್‌ಇಂಟರೆಸ್ಟೆಡ್ ಪದಕ್ಕೆ ಎರಡೂ ಅರ್ಥ ಕೊಡುತ್ತವೆ. ವಿದ್ಯಾರ್ಥಿ ಅದನ್ನು ಮನಸ್ಸಿಲ್ಲದ ಎಂಬ ಅರ್ಥದಲ್ಲಿ ಬರೆದರೆ ಅಂಕ ಕಳೆಯಬೇಕೇ ಸಾರ್?’ ಕಳೆಯಬೇಡಿ ಎಂದೆ. ನಿಘಂಟು ಬಳಕೆಯನ್ನು ದಾಖಲಿಸುತ್ತದೆ, ಬಳಕೆಯಲ್ಲಿ ಆ ಅರ್ಥ ಇದೆ; ಅಂಚಿನಲ್ಲಿ ಒಂದು ಗೆರೆ ಎಳೆದು, ‘ಓದುಗರು ಇದನ್ನು ಬೇರೆ ರೀತಿ ತಿಳಿಯಬಹುದು’ ಎಂದು ಬರೆದರೆ ಸಾಕು. ಆದರೆ ಅದೇ ವಿದ್ಯಾರ್ಥಿ ಡಿಸ್‌ಇಂಟರೆಸ್ಟೆಡ್ ನ್ಯಾಯಾಧೀಶರನ್ನು ಆಕಳಿಸುವ ನ್ಯಾಯಾಧೀಶರೆಂದು ಅರ್ಥ ಹೇಳಿದರೆ ಕಳೆಯಿರಿ, ಏಕೆಂದರೆ ಅಲ್ಲಿ ಅವನು ಓದಿದ ವಾಕ್ಯವೇ ಬೇರೆಯಾಗುತ್ತದೆ. ‘ಹಾಗಾದರೆ ನಿಮ್ಮ ಅನುವಾದಕರ ವಾಕ್ಯವನ್ನು ಏನೆಂದು ತಿದ್ದಿದಿರಿ?’ ಎಂದು ಅವರು ಬಿಡದೆ ಕೇಳಿದರು. ನಾಲ್ಕಾರು ಸಲ ಹೊಡೆದುಹಾಕಿದ ಮೇಲೆ ಉಳಿದದ್ದು ಇದು: ‘ಒಳ್ಳೆಯ ನ್ಯಾಯಾಧೀಶನಿಗೆ ತನ್ನ ಮುಂದಿರುವ ವ್ಯಾಜ್ಯದಲ್ಲಿ ಯಾವ ಪಾಲೂ ಇರಬಾರದು.’ ಅನುವಾದಕರು ಅದನ್ನು ಒಪ್ಪಿ, ‘ಪಾಲು’ಎಂಬುದು ತೀರ ಹೊಲಗದ್ದೆಯ ಮಾತಾಯಿತೇನೋ ಎಂದು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು. ಅಚ್ಚಾದ ಪುಸ್ತಕದಲ್ಲಿ ‘ಪಾಲು’ ಎಂದೇ ಇದೆ.